ಮಾವನ ಆತ್ಮಕಥೆಗೆ ಆಲ್ಟರೇಷನ್

ಫೆಬ್ರವರಿ ೩, ಸೋಮವಾರ

ಇವತ್ತಿನಿಂದ ನಾನು ಮಲಗಿಯೇ ಇರಬೇಕಂತೆ. ಬಚ್ಚಲುಮನೆಗೆ ಬಿಟ್ಟರೆ ಬೇರೆಲ್ಲಿಗೂ ಹೆಜ್ಜೆ ಇಡುವಂತಿಲ್ಲ, ಹೊಲಿಗೆ ಮಷಿನ್ನಿನ ಹತ್ತಿರ ಸುಳಿಯುವಂತಿಲ್ಲ, ಮೆಟ್ಟಿಲು ಇಳಿಯುವ ಮಾತನ್ನಂತೂ ಎತ್ತುವಂತೆಯೇ ಇಲ್ಲ. ಎಷ್ಟು ದಿನ ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ, "ಹೆರಿಗೆ ಆಗೋವರೆಗೂ" ಎಂದರು. ಆಗಿಯೇ ಆಗುತ್ತದೆ ಎಂದು ಬರೆದುಕೊಟ್ಟವರ ಹಾಗೆ ಹೇಳಿದರು. ಹಿಂದಿನ ಎರಡು ಸಲವೂ ಹೀಗೇ ಹೇಳಿದ್ದರು.

ಆದ್ದರಿಂದ ಹೊಟ್ಟೆಯ ವಿಷಯ ಈ ಡೈರಿಯಲ್ಲಿ ಬರೆಯುವುದಿಲ್ಲ. ಎರಡು ಸಲ ಪುಟ್ಟ ಪುಟ್ಟ ಬಟ್ಟೆ ಹೊಲಿದಿಟ್ಟುಕೊಂಡು, ಆಮೇಲೆ ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಕೊಟ್ಟುಬಿಟ್ಟದ್ದು ಸಾಕು. ಈ ಸಲ ಬಟ್ಟೆಯೂ ಇಲ್ಲ, ಮಾತೂ ಇಲ್ಲ.

ಹಾಗಾದರೆ ಬರೆಯುವುದು ಏನನ್ನು? ಚಾವಣಿಯ ಬಿರುಕನ್ನೇ? ಅದನ್ನು ಬೆಳಗಿನಿಂದ ನೋಡಿ ನೋಡಿ ಬಾಯಿಪಾಠವಾಗಿದೆ. ಕೆಳಗೆ ಅಂಗಡಿ, ಮೇಲೆ ಮನೆ. ಇವರು ಮಷಿನ್ ಓಡಿಸುವ ಸದ್ದು ನೆಲದೊಳಗಿಂದ ಬರುತ್ತದೆ. ಸದ್ದಿನಲ್ಲೇ ಗೊತ್ತಾಗುತ್ತದೆ, ಜೇಬಿನ ಮೂಲೆಯಲ್ಲಿ ನಿಲ್ಲಿಸಿ ತಿರುಗಿಸದೆ ಸೀದಾ ಹೋಗಿಬಿಟ್ಟರು ಎಂದು. ಮಲಗಿದಲ್ಲಿಂದಲೇ "ರೀ, ಜೇಬು!" ಎಂದು ಕೂಗಿದೆ. "ನೀನು ಮಲ್ಕೋ!" ಎಂದು ಕೆಳಗಿನಿಂದ ಉತ್ತರ ಬಂತು. ಊಟಕ್ಕೆ ಮೇಲೆ ಬಂದಾಗ, ಬಟ್ಟೆ ಗಿರಣಿಯವರು ಪುಕ್ಕಟೆ ಕೊಟ್ಟ ಈ ಡೈರಿಯನ್ನು ಹಾಸಿಗೆಯ ಮೇಲೆ ಹಾಕಿ, "ಇದರಲ್ಲಿ ಬರ್ಕೋ. ನನ್ನ ತಲೆ ತಿನ್ನೋದಾದ್ರೂ ಕಡಿಮೆಯಾಗುತ್ತೆ" ಎಂದರು. ಕಡಿಮೆಯಾಗುವುದಿಲ್ಲ.

ಫೆಬ್ರವರಿ ೬

ಈ ಮನೆಯಲ್ಲಿ ಈಗ ಕೆಲಸವಿಲ್ಲದ ಟೈಲರ್‌ಗಳು ಇಬ್ಬರು. ಒಬ್ಬಳು ನಾನು, ಇನ್ನೊಬ್ಬರು ಮಾವ. ಹೋದ ವರ್ಷದ ಕಾಯಿಲೆಯ ನಂತರ ಅವರ ಬೆರಳುಗಳು ನಡುಗುತ್ತವೆ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಪೆನ್ನು ಹಿಡಿದರೆ ಅಕ್ಷರಗಳು ಗೆರೆ ಬಿಟ್ಟು ವಾಕಿಂಗ್ ಹೊರಡುತ್ತವೆ. ಕತ್ತರಿ ಮಾತ್ರ ಇನ್ನೂ ಅವರ ಮಾತು ಕೇಳುತ್ತದೆ.

ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ನನ್ನ ಕಿಟಕಿಯ ಪಕ್ಕ ಹಾಕಿಕೊಂಡಿದ್ದಾರೆ. "ನಿನ್ನನ್ನ ನೋಡ್ಕೊಳ್ಳೋಕೆ ಹೇಳಿದಾನೆ" ಎಂದರು. ಅವರನ್ನು ನೋಡಿಕೊಳ್ಳಲು ಇವರು ನನಗೆ ಹೇಳಿದ್ದಾರೆ. ಒಂದೇ ಕಲ್ಲಿನಲ್ಲಿ ಎರಡು ಹಕ್ಕಿ ಹೊಡೆದು, ತಾವು ಕೆಳಗೆ ಹಾಯಾಗಿ ಜೇಬು ಕೆಡಿಸುತ್ತಿದ್ದಾರೆ.

ಸ್ವಲ್ಪ ಹೊತ್ತು ಕೆಮ್ಮಿದ ಮೇಲೆ ಮಾವ ವಿಷಯಕ್ಕೆ ಬಂದರು.

"ಅಮ್ಮಾ, ಒಂದು ಕಥೆ ಬರೀಬೇಕು."

"ಯಾವ ಕಥೆ ಮಾವ?"

"ನನ್ನದೇ. ಹುಟ್ಟಿದ್ದು, ಬೆಳೆದದ್ದು, ಹೊಲಿದದ್ದು. ನಾನು ಹೇಳ್ತೀನಿ, ನೀನು ಬರ್ಕೋ."

"ಯಾರು ಓದ್ತಾರೆ?"

"ಯಾರು ಅಂದ್ರೆ? ಮೊಮ್ಮಗು ಓದುತ್ತೆ." ಹೊದಿಕೆಯ ಕಡೆ ಗದ್ದ ಎತ್ತಿ ತೋರಿಸಿದರು, ಒಳಗಿರುವವರು ಕನ್ನಡಕ ಹಾಕಿಕೊಂಡು ಕಾಯುತ್ತಿದ್ದಾರೇನೋ ಎನ್ನುವ ಹಾಗೆ.

ನನಗೆ ಸಿಟ್ಟು ಬಂತು. ಗೋಡೆಯ ಕಡೆ ತಿರುಗಿ ಮಲಗಿ, ಹೊತ್ತು ಹೋಗುವುದಕ್ಕಾದರೆ ಬರೆಯುತ್ತೇನೆ, ಯಾರೋ ಓದುತ್ತಾರೆ ಎಂದಾದರೆ ಬರೆಯುವುದಿಲ್ಲ ಎಂದೆ. "ಸರಿ, ಹೊತ್ತು ಹೋಗೋಕೇ ಬರಿ" ಎಂದು ಒಪ್ಪಿಕೊಂಡರು. ಈ ಮನುಷ್ಯನ ಜೊತೆ ಜಗಳ ಆಡುವುದು ಬಲು ಕಷ್ಟ. ಮೊದಲೇ ಒಪ್ಪಿಬಿಡುತ್ತಾರೆ.

ಫೆಬ್ರವರಿ ೧೨

ಇವರು ತಂದುಕೊಟ್ಟ ಹೊಸ ನೋಟ್‌ಬುಕ್ಕನ್ನು ಮಾವ ತಿರಸ್ಕರಿಸಿದರು. ಕೆಳಗಿನಿಂದ ಕಂದು ಕಾಗದದ ಸುರುಳಿ ತರಿಸಿದರು. ಕೋಟು ಕತ್ತರಿಸುವ ಮೊದಲು ಅದರ ಆಕಾರ ಬರೆದುಕೊಳ್ಳುತ್ತೇವಲ್ಲ, ಅದೇ ಕಾಗದ. ಹಾಳೆ ಹಾಳೆಯಾಗಿ ಕತ್ತರಿಸಿ, ಮೂಲೆಗೆ ಗುಂಡುಪಿನ್ ಚುಚ್ಚಿ ಕೊಟ್ಟರು.

"ನೋಟ್‌ಬುಕ್ ಆದ್ರೆ ಆಲ್ಟರೇಷನ್ ಮಾಡೋಕಾಗಲ್ಲ."

"ಆತ್ಮಕಥೆಗೆ ಯಾವ ಆಲ್ಟರೇಷನ್ನು?"

"ಏನಮ್ಮಾ ಹೀಗಂತೀಯ! ನಾನು ಯಾವತ್ತಾದ್ರೂ ಒಂದೇ ಸಲಕ್ಕೆ ಕೋಟು ಹೊಲಿದು ಕೊಟ್ಟಿದೀನಾ? ಕತ್ತರಿಸೋದು, ಕಚ್ಚಾ ಹೊಲಿಗೆ ಹಾಕೋದು, ಗಿರಾಕೀನ ಟ್ರಯಲ್‌ಗೆ ಕರೆಯೋದು. ಎಲ್ಲಿ ಬಿಗಿ, ಎಲ್ಲಿ ದೊಗಲೆ ಅಂತ ಅವರು ಹೇಳ್ಬೇಕು. ಬಿಚ್ಚಿ, ಸರಿಮಾಡಿ, ಆಮೇಲೇ ಪಕ್ಕಾ ಹೊಲಿಗೆ. ಇದಕ್ಕೂ ಅಷ್ಟೇ. ಯಾರ ವಿಷಯ ಬರೀತೀವೋ ಅವರನ್ನ ಕರೆದು ಓದಿ ಹೇಳ್ಬೇಕು. ಅವರಿಗೆ ಸರಿಯಾಗಿ ಕೂತ್ಕೋಬೇಕು."

ಮಾವ, ಇದು ಕೋಟಲ್ಲ ಎಂದೆ. ಜನ ಮೈಮೇಲೆ ಹಾಕ್ಕೊಂಡು ಓಡಾಡೋದೇ ತಾನೇ ಎಂದರು.

ಮೊದಲ ಹಾಳೆ ಮುಗಿಯಿತು. "ನಾನು ಹುಟ್ಟಿದಾಗ ನನ್ನ ತೂಕ ಯಾರೂ ನೋಡಲಿಲ್ಲ. ಆದ್ದರಿಂದ ಅಳತೆ ಇಲ್ಲದೆ ಈ ಲೋಕಕ್ಕೆ ಬಂದೆ" ಎಂದು ಶುರು. ಕಥೆಯೊಳಕ್ಕೆ ಬರುವ ಪ್ರತಿಯೊಬ್ಬರೂ ಅಳತೆಯೊಂದಿಗೇ ಬರುತ್ತಾರೆ. ಕೆಲಸ ಕಲಿಸಿದ ಯಜಮಾನರು: ಸೊಂಟ ನಲವತ್ತೆರಡು, ಕೋಪಿಷ್ಠರು. ಶಾಲೆಯ ಮೇಷ್ಟ್ರು: ಎದೆ ಮೂವತ್ತು, ಒಂದು ಭುಜ ಇಳಿಜಾರು, ಲೆಕ್ಕದಲ್ಲಿ ಗಟ್ಟಿಗರು. ಬರೆಯುತ್ತಾ ನಗು ತಡೆಯಲಾಗಲಿಲ್ಲ. ನಗುವುದಕ್ಕೂ ಡಾಕ್ಟರಮ್ಮನ ಅಪ್ಪಣೆ ಬೇಕೇನೋ, ಕೇಳಿಲ್ಲ.

ಫೆಬ್ರವರಿ ೨೩, ಭಾನುವಾರ

ಮೊದಲ ಟ್ರಯಲ್. ಬಂದವರು ದೊಡ್ಡತ್ತೆ, ಅಂದರೆ ಮಾವನ ಅಕ್ಕ. ಮಾವನಿಗಿಂತ ಎರಡು ವರ್ಷಕ್ಕೆ ದೊಡ್ಡವರು, ಧ್ವನಿಯಲ್ಲಿ ಹತ್ತು ವರ್ಷಕ್ಕೆ ಚಿಕ್ಕವರು. ಹಣ್ಣಿನ ಬುಟ್ಟಿ ಹಿಡಿದು ನನ್ನನ್ನು ನೋಡಲೆಂದು ಬಂದರು, ನೋಡಿದ್ದು ಮಾತ್ರ ಹಾಳೆಯನ್ನು.

ಮಾವ ಹೇಳಿ ಬರೆಸಿದ್ದು ಹೀಗಿತ್ತು: "ನಾನು ಜೀವನದಲ್ಲಿ ಮೊದಲು ಹೊಲಿದ ಬಟ್ಟೆ ಅಕ್ಕನ ಫ್ರಾಕು. ಅಕ್ಕ ಆಗ ದುಂಡಗಿದ್ದಳು. ಅಳತೆ ತೆಗೆಯುವಾಗ ಉಸಿರು ಒಳಗೆಳೆದುಕೊಂಡು ನಿಂತಳು. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಉಸಿರು ಬಿಟ್ಟಳು. ಬೆನ್ನಿನ ಹೊಲಿಗೆ ಮೇಲಿನಿಂದ ಕೆಳಗಿನವರೆಗೆ ಬಿಚ್ಚಿಕೊಂಡಿತು. ಅಕ್ಕ ಗೋಡೆಗೆ ಬೆನ್ನು ಹಚ್ಚಿಕೊಂಡೇ ಮನೆಗೆ ಬಂದಳು. ಗೋಡೆ ಇಲ್ಲದ ಕಡೆ ನಾನು ಅವಳ ಬೆನ್ನಿಗೆ ಬೆನ್ನು ಕೊಟ್ಟು ಹಿಂದು ಹಿಂದಾಗಿ ನಡೆದೆ."

ನಾನು ಓದುತ್ತಿದ್ದ ಹಾಗೆ ದೊಡ್ಡತ್ತೆಯ ಮುಖ ಊದುತ್ತಾ ಹೋಯಿತು.

"ಯಾರೋ ದುಂಡಗಿದ್ದಿದ್ದು?"

"ಅಕ್ಕಾ, ಒಂದು ಚೂರು…"

"ಒಂದು ಚೂರೂ ಇಲ್ಲ! ನಾನು ಕಡ್ಡಿ ಇದ್ದ ಹಾಗಿದ್ದೆ. ಬಟ್ಟೆ ಸರಿಯಿರಲಿಲ್ಲ. ಲಡ್ಡು ಬಟ್ಟೆ. ಹಾಗೆ ಬರೆಸು."

ಮಾವ ಕತ್ತರಿ ತೆಗೆದುಕೊಂಡರು. ಫ್ರಾಕು, ಪ್ರಾರ್ಥನೆ, ಗೋಡೆ, ಬೆನ್ನಿಗೆ ಬೆನ್ನು ಕೊಟ್ಟದ್ದು, ಎಲ್ಲವೂ ಚೊಕ್ಕವಾಗಿ ಕಿಟಕಿಯ ಹಾಗೆ ಕತ್ತರಿಸಿ ಕೆಳಗೆ ಬಿತ್ತು. ಅದರ ಜಾಗದಲ್ಲಿ ಒಂದು ತೇಪೆ ಪಿನ್ ಮಾಡಿದ್ದಾಯಿತು: "ಆ ಕಾಲದಲ್ಲಿ ಬಟ್ಟೆಯ ಗುಣಮಟ್ಟ ಅಷ್ಟಕ್ಕಷ್ಟೇ ಇತ್ತು." ದೊಡ್ಡತ್ತೆ ಸಮಾಧಾನದಿಂದ ತಾವೇ ತಂದ ಹಣ್ಣುಗಳಲ್ಲಿ ಅರ್ಧ ತಿಂದು ಹೋದರು.

ಮಾರ್ಚ್ ೨

ಎರಡನೇ ಟ್ರಯಲ್: ಕಾಲರ್. ಅವರ ನಿಜವಾದ ಹೆಸರು ಅವರಿಗೇ ಮರೆತಿರಬೇಕು. ಮಾವನ ಜೊತೆಗೇ ಕೆಲಸ ಕಲಿತವರು, ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ. ಈಗ ಎದುರು ಬೀದಿಯಲ್ಲಿ ಅಂಗಡಿ. ಇಬ್ಬರೂ ದಿನಾ ಒಟ್ಟಿಗೆ ಟೀ ಕುಡಿಯುತ್ತಾರೆ, ದಿನಾ ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಬೈಯುತ್ತಾರೆ.

ಹಾಳೆಯಲ್ಲಿದ್ದದ್ದು ಜಡ್ಜ್ ಸಾಹೇಬರ ಕೋಟಿನ ಪ್ರಸಂಗ. ಇಬ್ಬರೂ ಹುಡುಗರು. ಯಜಮಾನರು ಊರಲ್ಲಿಲ್ಲ. ಬಲತೋಳು ಮಾವನದು, ಎಡತೋಳು ಕಾಲರ್‌ದು. ಕೋಟು ಸಿದ್ಧವಾದಾಗ ಎಡತೋಳು ಬೆರಳುಗಳನ್ನು ನುಂಗಿ ಕೆಳಗೆ ಇಳಿದಿತ್ತು. ಜಡ್ಜ್ ಸಾಹೇಬರು ಅದನ್ನೇ ಹಾಕಿಕೊಂಡು ಒಂದು ಚಳಿಗಾಲ ತೀರ್ಪು ಕೊಟ್ಟರು.

ಕಾಲರ್ ಕುರ್ಚಿಯಿಂದ ಎದ್ದುಬಿಟ್ಟರು. "ಎಡತೋಳು ನಿಂದು ಕಣಯ್ಯಾ! ನಾನು ಹೊಲಿದಿದ್ದು ಬಲತೋಳು."

"ಬಲಗೈ ಸರಿಯಿತ್ತಲ್ಲ, ಅದಕ್ಕೇ ಅದು ನಂದು."

"ನೋಡಮ್ಮಾ ನಿನ್ನ ಮಾವನ ಬುದ್ಧಿ!"

ಇಬ್ಬರ ಜಗಳದಲ್ಲಿ ಟೀ ಎರಡು ಸಲ ತಣ್ಣಗಾಯಿತು. ಕೊನೆಗೆ ರಾಜಿಯಾಗಿ, ಟ್ರಯಲ್‌ಗೆ ಬರಲು ಸಾಧ್ಯವೇ ಇಲ್ಲದ ಒಬ್ಬರ ತಲೆಗೆ ಕಟ್ಟಿದರು. ಈಗ ಹಾಳೆಯಲ್ಲಿ ಹೀಗಿದೆ: "ಜಡ್ಜ್ ಸಾಹೇಬರ ಎಡಗೈ ಸ್ವಲ್ಪ ಗಿಡ್ಡವಿತ್ತು."

ಮಾರ್ಚ್ ೩

ನಗಬಾರದು ಎಂದು ಡಾಕ್ಟರಮ್ಮ ಹೇಳಿಲ್ಲವಂತೆ. ಇವರನ್ನು ಕಳಿಸಿ ಕೇಳಿಸಿದೆ.

ಮಾರ್ಚ್ ೧೧

ಇವತ್ತಿನ ಗಿರಾಕಿ ನಮ್ಮ ಯಜಮಾನರು. ಟೇಪನ್ನು ಕೊರಳಿಗೆ ಹಾಕಿಕೊಂಡೇ ಮೇಲೆ ಬಂದು, "ಬೇಗ ಓದು, ಕೆಳಗೆ ಜನ ಇದಾರೆ" ಎಂದು ನಿಂತರು.

ಮಾವನ ಪ್ರಕಾರ ಇವರು ಎಂಟನೇ ವಯಸ್ಸಿನಲ್ಲಿ, ಯಾರೂ ಇಲ್ಲದಾಗ ಮಷಿನ್ ಹತ್ತಿ ಕೂತು, ಬ್ಯಾಂಡ್ ಮೇಳದ ನಾಯಕನ ಹೊಸ ಪ್ಯಾಂಟಿನ ಎರಡೂ ಕಾಲುಗಳ ಬಾಯಿಯನ್ನು ನೀಟಾಗಿ ಹೊಲಿದು ಮುಚ್ಚಿದರು. ಕಾರ್ಯಕ್ರಮಕ್ಕೆ ಹೊತ್ತಾಗಿದೆ ಎಂದು ಆತ ಅಂಗಡಿಯ ಪರದೆಯ ಹಿಂದೆ ನಿಂತು ಕಾಲು ತೂರಿಸಿದ. ಪರದೆ, ಪರದೆಯ ಕೋಲು, ಬ್ಯಾಂಡ್ ನಾಯಕ, ಮೂವರೂ ರಸ್ತೆಗೆ ಬಂದರು. ಮಾವ ಮಗನಿಗೆ ಹೊಡೆಯಲು ಕೋಲು ಹುಡುಕಿದರೆ ಅದು ನಾಯಕನ ಕೆಳಗಿತ್ತು.

ಇವರ ಕಿವಿ ಕೆಂಪಾಯಿತು. "ಅಪ್ಪಾ, ಇದೆಲ್ಲ ಬೇಕಾ? ಗಿರಾಕಿಗಳಿಗೆ ಗೊತ್ತಾದ್ರೆ ಯಾರು ಪ್ಯಾಂಟ್ ಕೊಡ್ತಾರೆ?"

ಕತ್ತರಿ ಬಂತು. ತೇಪೆ ಬಿತ್ತು: "ಮಗ ಚಿಕ್ಕಂದಿನಿಂದಲೂ ಹೊಲಿಗೆಯಲ್ಲಿ ಆಸಕ್ತಿ ತೋರಿಸಿದ."

ಇವರು ಕೆಳಗಿಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಎಷ್ಟು ಚೆನ್ನಾಗಿದ್ದ ಕಥೆಗಳು! ಎಲ್ಲರಿಗೂ ಅನುಕೂಲ ಮಾಡಿಕೊಡಲು ಹೋಗಿ ಒಂದೊಂದನ್ನೂ ಸರ್ಕಾರಿ ಪ್ರಕಟಣೆ ಮಾಡಿ ಕೂರಿಸಿದ್ದಾರೆ. "ಮಾವ, ಇದು ಈಗ ಎಷ್ಟು ದೊಗಲೆಯಾಗಿದೆ ಅಂದ್ರೆ, ಬೀದೀಲಿ ಹೋಗೋ ಯಾರು ಬೇಕಾದ್ರೂ ಹಾಕ್ಕೊಂಡು ಹೋಗಬಹುದು. ನಿಮ್ಮದು ಅಂತ ಗುರುತೇ ಇಲ್ಲ. ಓದೋರಿಗೆ ಮೋಸ ಅಲ್ವಾ ಇದು?"

ಮಾವ ಕನ್ನಡಕದ ಮೇಲಿನಿಂದ ನೋಡಿದರು. "ಓದೋರು ಯಾರಮ್ಮಾ?"

"ಯಾರೋ ಒಬ್ಬರು" ಎಂದೆ. ಸುಮ್ಮನೆ ಬಾಯಿಗೆ ಬಂತು, ಅಷ್ಟೇ. ಅವರು ಮೀಸೆಯೊಳಗೆ ಯಾಕೆ ನಕ್ಕರೋ ಗೊತ್ತಾಗಲಿಲ್ಲ.

ಮಾರ್ಚ್ ೨೦

ಒಂದು ವಾರದಿಂದ ಕೆಲಸ ನಿಂತಿದೆ. ಅತ್ತೆಯ ಹಾಳೆ ಬಂದಿದೆ. ಅತ್ತೆ ಹೋಗಿ ಮೂರು ವರ್ಷ.

"ಅವಳು ಟ್ರಯಲ್‌ಗೆ ಬರಲ್ವಲ್ಲಮ್ಮಾ" ಎಂದು ಮಾವ ಬರೀ ಕಾಗದ ಸವರುತ್ತಾ ಕೂತರು. ನೋಡಿ ಸಂಕಟವಾಯಿತು. ಜಡ್ಜ್ ಸಾಹೇಬರಿಗೆ ಇಲ್ಲದ ನಿಯಮ ಅತ್ತೆಗೆ ಯಾಕೆ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಅವರ ಬದಲಿಗೆ ನಾನು ಬರ್ತೀನಿ ಮಾವ, ಅತ್ತೆ ಏನಂತಿದ್ರು ಅಂತ ನನಗೆ ಚೆನ್ನಾಗಿ ಗೊತ್ತು, ಐದು ವರ್ಷ ಬೈಸಿಕೊಂಡಿದೀನಿ ಎಂದೆ. ಆಮೇಲೆ ಶುರು ಮಾಡಿದರು.

ಅತ್ತೆ ಮೊದಲು ಅಂಗಡಿಗೆ ಬಂದದ್ದು ಒಂದು ನೀಲಿ ಕೋಟು ಹೊಲಿಸಲು. ಕೋಟು ಕೊಟ್ಟಾದ ಮೇಲೆ ತೋಳು ಬಿಗಿ ಎಂದು ವಾಪಸ್ ತಂದರು. ಸಡಿಲ ಮಾಡಿದ್ದಾಯಿತು. ದೊಗಲೆಯಾಯಿತು ಎಂದು ಮತ್ತೆ ತಂದರು. ಮತ್ತೆ ಬಿಗಿ, ಮತ್ತೆ ದೊಗಲೆ. "ತೋಳಿನಲ್ಲಿ ಏನೂ ತೊಂದರೆ ಇರಲಿಲ್ಲ. ನನ್ನನ್ನು ನೋಡಲು ಬರುತ್ತಿದ್ದಾಳೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಆ ಕೋಟಿನ ತೋಳು ಸೂಜಿ ತಿಂದು ತಿಂದು ಜರಡಿಯಾಗಿತ್ತು."

ನಾನು ಅತ್ತೆಯ ಹಾಗೆ ಹುಬ್ಬು ಏರಿಸಿದೆ. "ಸಾಕು ಸುಮ್ನಿರಿ! ನಾನ್ಯಾಕೆ ನಿಮ್ಮನ್ನ ನೋಡೋಕೆ ಬರ್ಲಿ? ತೋಳು ನಿಜವಾಗ್ಲೂ ಬಿಗಿಯಿತ್ತು."

ಮಾವ ಒಂದು ಕ್ಷಣ ನನ್ನನ್ನೇ ನೋಡಿ, "ಇರಲಿಲ್ಲ ಕಣೇ" ಎಂದರು. ಆಮೇಲೆ ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ.

ಕತ್ತರಿ ಕೊಡಲೇ ಎಂದು ಕೇಳಿದೆ. "ಬೇಡ. ಅವಳು ಬೇಕಾದ್ರೆ ಬಂದು ಜಗಳ ಆಡಲಿ" ಎಂದರು. ಅತ್ತೆಯ ಹಾಳೆಗೆ ಒಂದು ತೇಪೆಯೂ ಇಲ್ಲ.

ಏಪ್ರಿಲ್ ೪

ನನ್ನ ಸರದಿ ಬರುತ್ತದೆ ಎಂದು ಗೊತ್ತಿತ್ತು. ಸುಳ್ಳೇಕೆ, ಕಾಯುತ್ತಲೇ ಇದ್ದೆ. ಇಷ್ಟು ದಿನ ಪುಕ್ಕಟೆಯಾಗಿ ಬರೆದವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರದೇ ಇರುತ್ತದೆಯೇ?

ಬಂತು. "ನನ್ನ ಸೊಸೆ. ಅಳತೆ ಈಗ ಹೇಳಲಾಗದು, ವಾರ ವಾರ ಬದಲಾಗುತ್ತಿದೆ. ಬಾಯಿ ಜೋರು. ಗುಂಡಿಯ ಕಾಜಾ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಮನೆಗೆ ಬಂದ ಮೇಲೆ ನಾನು ಕಾಜಾ ಹೊಲಿಯುವುದನ್ನು ಬಿಟ್ಟೆ. ಜನ ಪಕ್ಕಪಕ್ಕ ಇಟ್ಟು ನೋಡುತ್ತಾರೆಂಬ ಭಯ." ನಾನು ಬೀಗಿದೆ. ಅದೇ ಹೆಮ್ಮೆಯಲ್ಲಿ ಮುಂದಿನದನ್ನೂ ಬರೆದುಕೊಂಡು ಹೋದೆ.

"ನನಗೆ ಮೂವರು ಮೊಮ್ಮಕ್ಕಳು. ಮೊದಲಿನ ಇಬ್ಬರ ಮುಖ ನೋಡುವ ಭಾಗ್ಯ ನನಗಿರಲಿಲ್ಲ. ಮೂರನೆಯದು ಈಗ ಇದನ್ನು ಓದುತ್ತಿದೆ."

ಹೇಳಿದ್ದನ್ನು ಬರೆದು ಬರೆದು ಕೈಗೆ ಅಭ್ಯಾಸವಾಗಿತ್ತು. ಬರೆದಾದ ಮೇಲೆ ಓದಿಕೊಂಡೆ. ಪೆನ್ನು ಕೆಳಗಿಟ್ಟೆ. ಈ ಮನೆಯಲ್ಲಿ ಆ ಎರಡರ ಮಾತು ಯಾರೂ ಆಡುವುದಿಲ್ಲ. ಎಲ್ಲರೂ ಮರೆತಿದ್ದಾರೆ, ನಾನೊಬ್ಬಳೇ ಅವನ್ನು ಎಣಿಕೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಈ ಮುದುಕರೂ ಎಣಿಸುತ್ತಿದ್ದರು. ಅದನ್ನು ತಡೆದುಕೊಳ್ಳಬಹುದಿತ್ತೇನೋ. ಕೊನೆಯ ಸಾಲನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಓದುತ್ತಿದೆಯಂತೆ! ಯಾರ ಧೈರ್ಯದ ಮೇಲೆ ಹೀಗೆ ಬರೆಸುತ್ತಾರೆ? ನಾಳೆ ಏನಾದರೂ ಆದರೆ ಈ ಹಾಳೆಯನ್ನು ಯಾರು ನೋಡಬೇಕು?

"ಟ್ರಯಲ್ ತಾನೇ ಮಾವ? ನನಗೆ ಬಿಗಿಯಾಗ್ತಿದೆ. ತೆಗೀರಿ."

"ಎಲ್ಲಿಂದಮ್ಮಾ?"

"'ನನಗೆ ಮೂವರು' ಅನ್ನೋದರಿಂದ ಕೊನೇವರೆಗೂ."

ಅಕ್ಕನ ಜೊತೆ ಚೌಕಾಸಿ ಮಾಡಿದವರು, ಕಾಲರ್ ಜೊತೆ ಟೀ ತಣ್ಣಗಾಗುವ ತನಕ ಜಗಳ ಆಡಿದವರು, ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಕತ್ತರಿಸಿದರು. ಆ ಚೂರು ನೆಲಕ್ಕೆ ಬಿತ್ತು. ನಾನು ಬಗ್ಗುವಂತಿಲ್ಲ, ಅವರಿಗೆ ಬಗ್ಗಲು ಆಗುವುದಿಲ್ಲ. ಮಧ್ಯಾಹ್ನ ಇವರು ಬಂದು ಗುಡಿಸುವಾಗ ಅದನ್ನೂ ಗುಡಿಸಿಕೊಂಡು ಹೋದರು. ತೇಪೆ ಏನು ಹಾಕಲಿ ಎಂದು ಮಾವ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಏಪ್ರಿಲ್ ೫

ಮಾವ ಪೇಪರ್ ಓದಿದರು. ನಾನು ಚಾವಣಿ ಓದಿದೆ.

ಒದೆಯುತ್ತಿದೆ. ಕೆಳಗೆ ಮಷಿನ್ ನಿಂತರೆ ಸಾಕು ಒದೆತ ಶುರು, ಮತ್ತೆ ಓಡಿದರೆ ಸುಮ್ಮನಾಗುತ್ತದೆ. ಟೈಲರ್ ಮನೆಯದ್ದೇ, ಅನುಮಾನವಿಲ್ಲ.

ಏಪ್ರಿಲ್ ೧೨

ಇವರು ಯಾರದ್ದೋ ಕೋಟಿನ ಕಾಜಾ ತಂದು ತೋರಿಸಿ, ಹೇಗಿದೆ ಎಂದರು. ಬೆಕ್ಕು ಕಚ್ಚಿದ ಹಾಗಿದೆ ಎಂದೆ. ಮಾವ ಪೇಪರಿನ ಹಿಂದೆ ನಕ್ಕರು. ನನಗೆ ನೆಮ್ಮದಿಯಾಯಿತು. ಆದರೂ ಹಾಳೆಗಳ ಕಂತೆ ಮಾತ್ರ ಬೀರುವಿನ ಮೇಲೇ ಇದೆ.

ಏಪ್ರಿಲ್ ೧೯, ಆಸ್ಪತ್ರೆ

ಎರಡು ದಿನದ ಹಿಂದೆ ಬೆಳಿಗ್ಗೆ ನೋವು ಶುರುವಾಯಿತು. ಇನ್ನೂ ದಿನ ತುಂಬಿರಲಿಲ್ಲ. ಇವರು ಗಿರಾಕಿಯ ಕಾರನ್ನೇ ಬೇಡಿ ತಂದರು. ಗಿರಾಕಿ ಅರ್ಧ ಹೊಲಿದ ಕೋಟು ಹಾಕಿಕೊಂಡೇ, ಮೈತುಂಬ ಕಚ್ಚಾ ಹೊಲಿಗೆಯ ಬಿಳಿ ದಾರ ನೇತಾಡಿಸಿಕೊಂಡು, ಕಾರು ಓಡಿಸಿದ. ಅದನ್ನು ನೋಡಿ ನಗು ಬರಬೇಕಿತ್ತು. ಬರಲಿಲ್ಲ. ದಾರಿಯುದ್ದಕ್ಕೂ, ಮೂರನೇ ಸಲ, ಮೂರನೇ ಸಲ ಎಂದಷ್ಟೇ ತಲೆಯಲ್ಲಿ ಓಡುತ್ತಿತ್ತು. ಜೀವಮಾನದಲ್ಲಿ ಅಷ್ಟು ಹೆದರಿರಲಿಲ್ಲ.

ಸದ್ಯಕ್ಕೆ ನೋವು ನಿಂತಿದೆ. ಇಂಜೆಕ್ಷನ್ ಕೊಟ್ಟಿದ್ದಾರೆ. ಡಾಕ್ಟರಮ್ಮ ಈ ಸಲ ಖಾತ್ರಿಯ ಮಾತು ಆಡಲಿಲ್ಲ. "ಎಷ್ಟು ದಿನ ಒಳಗೇ ಇರುತ್ತೋ ಅಷ್ಟು ಒಳ್ಳೇದು. ನೋಡೋಣ" ಎಂದರು. ಅವರು ಹಾಗೆ ಹೇಳಿದ್ದೇ ನನಗೆ ಹೆಚ್ಚು ಹಿಡಿಸಿತು.

ಇವತ್ತು ಸಂಜೆ ಭೇಟಿಯ ಹೊತ್ತಿಗೆ ಮಾವ ಬಂದರು. ಕಂಕುಳಲ್ಲಿ ಕಂದು ಹಾಳೆಗಳ ಕಂತೆ. ವಾರ್ಡಿನ ನರ್ಸಮ್ಮ ಬಾಗಿಲಲ್ಲೇ ತಡೆದರು. "ಏನ್ರೀ ಇದು ಅಜ್ಜಾ, ಮೈತುಂಬ ಪಿನ್ನು? ಇಲ್ಲಿ ಪಿನ್ ತರೋ ಹಾಗಿಲ್ಲ." ಮಾವ ವಾದ ಮಾಡದೆ ಎಲ್ಲ ಪಿನ್ನುಗಳನ್ನೂ ಕಿತ್ತು ಅವರ ತಟ್ಟೆಗೆ ಹಾಕಿದರು. ಆಮೇಲೆ ಹಾಳೆಗಳು ಒಂದೊಂದು ದಿಕ್ಕಿಗೆ ಜಾರಲು ಶುರುವಾದವು. ನರ್ಸಮ್ಮನಿಗೆ ಪಾಪ ಎನಿಸಿ, ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಕೊಟ್ಟರು.

"ಇದನ್ನೆಲ್ಲ ಯಾಕೆ ಹೊತ್ತುಕೊಂಡು ಬಂದ್ರಿ ಮಾವ?"

"ಮನೇಲಿ ನಾನೊಬ್ನೇ. ಇದೂ ಒಂದೇ. ಜೊತೆಗೆ ಕರ್ಕೊಂಡು ಬಂದೆ." ಅವರ ಗಡ್ಡ ಎರಡು ದಿನದಿಂದ ಹಾಗೇ ಬೆಳೆದಿತ್ತು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಟೈಲರ್ ಆದವರು ಗುಂಡಿ ತಪ್ಪಿಸುತ್ತಾರೆಂದರೆ ಎಷ್ಟು ಗಾಬರಿಯಾಗಿರಬೇಡ!

ನನ್ನ ಹಾಳೆ ಕೊಡಿ ಎಂದೆ. ಕೊಟ್ಟರು. ಕಾಜಾದ ಮಾತಿನ ಕೆಳಗೆ ಉದ್ದನೆಯ ಕಿಂಡಿ. ಅದರೊಳಗಿಂದ ಆಸ್ಪತ್ರೆಯ ಹಸಿರು ಹೊದಿಕೆ ಕಾಣುತ್ತಿತ್ತು. ಕಂತೆಯ ಕೊನೆಯ ಖಾಲಿ ಹಾಳೆಯಿಂದ ಒಂದು ಪಟ್ಟಿ ಹರಿದುಕೊಡಲು ಹೇಳಿ, ಪೆನ್ಸಿಲ್ ತೆಗೆದುಕೊಂಡೆ.

"ನಾನು ಹೇಳ್ಲಾ?" ಎಂದರು.

"ಬೇಡ ಮಾವ. ನನಗೆ ಬರುತ್ತೆ."

ಬರೆದೆ. ಮೂವರು ಎಂದೇ ಬರೆದೆ. ಇಬ್ಬರ ಮುಖದ ಮಾತು ಬರೆಯುವಾಗ ಅಳು ಬಂತು, ಅತ್ತುಕೊಂಡೇ ಬರೆದೆ. ಮೂರನೆಯದು ಓದುತ್ತಿದೆ ಎಂದೂ ಬರೆದೆ. ಏನಾಗುತ್ತದೋ ನನಗೆ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಆದರೆ ಇದು ಇಷ್ಟು ದಿನ ನನ್ನ ಜೊತೆ ಕೂತು ಎಲ್ಲ ಕಥೆಯನ್ನೂ ಕೇಳಿಸಿಕೊಂಡಿದೆ. ಲೆಕ್ಕದಿಂದ ಬಿಡುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಪಟ್ಟಿಯನ್ನು ಕಿಂಡಿಯ ಮೇಲಿಟ್ಟು ನಾಲ್ಕೂ ಕಡೆ ಪ್ಲಾಸ್ಟರ್ ಹಚ್ಚಿದೆವು.

"ಬಿಗಿಯಾಗಲ್ವೇನಮ್ಮಾ?" ಮಾವ ಮೆಲ್ಲಗೆ ಕೇಳಿದರು.

"ಆಗುತ್ತೆ. ಇರ್ಲಿ."

ಆಮೇಲೆ ಇನ್ನೊಂದು ಮಾತೂ ಹೇಳಿದೆ. ದೊಡ್ಡತ್ತೆ ದುಂಡಗಿದ್ದದ್ದನ್ನೂ, ಎಡತೋಳನ್ನೂ, ಬ್ಯಾಂಡ್ ನಾಯಕನನ್ನೂ ವಾಪಸ್ ಹಾಕಬೇಕು. ಯಾರು ಬೇಕಾದರೂ ಮುಖ ಊದಿಸಿಕೊಳ್ಳಲಿ. ಮಗು ದೊಡ್ಡದಾಗಿ ಬಂದು, ಜಡ್ಜ್ ಸಾಹೇಬರ ಕೈ ಯಾಕೆ ಗಿಡ್ಡವಿತ್ತು ಎಂದು ಕೇಳಿದರೆ ಉತ್ತರ ಹೇಳುತ್ತಾ ಕೂರಲು ನನಗೆ ಪುರಸೊತ್ತಿರುವುದಿಲ್ಲ.

ಮಾವ ನನ್ನ ಹಾಳೆಯನ್ನು ಕಂತೆಯೊಳಗೆ ಸೇರಿಸಿದರು. ಮೀಸೆಯೊಳಗೆ ಆ ನಗು ಮತ್ತೆ ಬಂದಿತ್ತು. ನಾನು ಹತ್ತಿರ ಕರೆದು ಅವರ ಅಂಗಿಯ ಗುಂಡಿ ಸರಿಮಾಡಿ ಕಳಿಸಿದೆ.

ಮೇ ೧೪, ಮನೆ

ಬರೆಯಲು ಪುರಸೊತ್ತಿಲ್ಲ. ಕೈ ಒಂದೇ ಖಾಲಿ ಇದೆ, ಅದೂ ಎಡಗೈ ಆಗಿದ್ದರೆ ಬರೆಯುತ್ತಿರಲಿಲ್ಲ. ಇನ್ನೊಂದು ಮಹಾರಾಣಿಯವರ ತೊಟ್ಟಿಲು ತೂಗುತ್ತಿದೆ. ಸ್ವಲ್ಪ ಬೇಗ ಬಂದಳು, ಆದರೆ ಅಳು ಕೇಳಿ ನರ್ಸಮ್ಮನೇ ಕಿವಿ ಮುಚ್ಚಿಕೊಂಡರಂತೆ. ದೊಡ್ಡತ್ತೆ ನೋಡಿ, ಥೇಟ್ ನನ್ನ ಹಾಗೇ ಕಡ್ಡಿ ಎಂದರು. ಇವರು ಒಂದು ವಾರದಿಂದ ಕೆಳಗೆ ಏನೂ ಹೊಲಿಯುತ್ತಿಲ್ಲ, ಮೇಲೆ ಬಂದು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಲ್ಲುತ್ತಾರೆ. ಜೇಬುಗಳಿಗೆ ಸದ್ಯ ಅಪಾಯವಿಲ್ಲ.

ಇವತ್ತು ಬೆಳಿಗ್ಗೆ ಮಾವ ಸ್ನಾನ ಮಾಡಿ, ಗಡ್ಡ ಹೆರೆದು, ಒಗೆದ ಅಂಗಿ ಹಾಕಿಕೊಂಡು ಕಂತೆಯ ಜೊತೆ ಬಂದರು. ಕೊನೆಯ ಟ್ರಯಲ್ ಬಾಕಿಯಿದೆಯಂತೆ. ತೊಟ್ಟಿಲಿನ ಪಕ್ಕ ಕುರ್ಚಿ ಹಾಕಿಕೊಂಡು, ತಾವೇ ಗಟ್ಟಿಯಾಗಿ ಓದಿದರು. ಅಳತೆಯಿಲ್ಲದೆ ಲೋಕಕ್ಕೆ ಬಂದದ್ದು, ಫ್ರಾಕು ಬಿಚ್ಚಿಕೊಂಡದ್ದು, ಎಡತೋಳು (ಪಕ್ಕದಲ್ಲಿ "ಇದನ್ನು ನಾನು ಒಪ್ಪುವುದಿಲ್ಲ" ಎಂದು ಕಾಲರ್ ತಮ್ಮ ಕೈಯಲ್ಲೇ ಬರೆದಿದ್ದಾರೆ), ಪರದೆಯ ಕೋಲು, ನೀಲಿ ಕೋಟು. ಗಿರಾಕಿ ಎಲ್ಲದಕ್ಕೂ ನಿದ್ದೆ ಹೊಡೆದಳು. ಬಿಳಿ ಪ್ಲಾಸ್ಟರಿನ ಹಾಳೆಗೆ ಬಂದಾಗ ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದರು.

ನನಗೂ ಕಣ್ಣು ತುಂಬಿತ್ತು. ಅದನ್ನು ಅವರಿಗೆ ತೋರಿಸಿಕೊಳ್ಳಬಾರದೆಂದು ಕಾಲೆಳೆದೆ. "ಮಾವ, ನಿಮ್ಮ ಕೊನೇ ಸಾಲು ಸುಳ್ಳಾಯ್ತಲ್ಲ. ಎಲ್ಲಿ ಓದ್ತಿದಾಳೆ? ಅಕ್ಷರ ಇರಲಿ, ಇನ್ನೂ ಸರಿಯಾಗಿ ಕಣ್ಣು ಬಿಡೋಕೇ ಬರಲ್ಲ. ಕತ್ತರಿ ಕೊಡ್ಲಾ?"

ಅವರು ಹಾಳೆಯನ್ನು ಅವಳ ಉದ್ದಕ್ಕೆ ಹಿಡಿದು ನೋಡಿದರು. ಹಾಳೆಯೇ ದೊಡ್ಡದಿತ್ತು.

"ಬೇಡಮ್ಮಾ. ಬೆಳೆಯೋ ಮಕ್ಕಳಿಗೆ ಯಾವತ್ತೂ ಒಂದು ಸೈಜು ದೊಡ್ಡದೇ ಹೊಲಿಬೇಕು. ಈಗ ದೊಗಲೆ ಇರ್ಲಿ. ಬೆಳೆದು ತುಂಬ್ಕೋತಾಳೆ."

ಎದ್ದೆಯಾ? ಬಂದೆ ಕಣೇ, ಬಂದೆ.